ಶಿಮ್ಲಾದಲ್ಲಿ ಐದಾರು ದಿನ, ಊರವರ ಹಾಗೆ: ಒಂದು ಸಮಗ್ರ ಮಾರ್ಗದರ್ಶಿ

ಶಿಮ್ಲಾಕ್ಕೆ ಹೋಗಿಬಂದೆವು ಎನ್ನುವವರಲ್ಲಿ ಹೆಚ್ಚಿನವರು ಶಿಮ್ಲಾದೊಳಗೆ ಕಳೆದ ಸಮಯ ಬಹಳ ಕಡಿಮೆ. ಬೆಳಗ್ಗೆ ಟ್ಯಾಕ್ಸಿ ಹತ್ತಿ ಕುಫ್ರಿಗೆ ಹೋಗುವುದು, ಅಲ್ಲಿ ಕೆಸರಿನಲ್ಲಿ ಕುದುರೆ ಸವಾರಿ ಮಾಡುವುದು, ಸಂಜೆ ಮಾಲ್ ರಸ್ತೆಯಲ್ಲಿ ಒಂದು ಗಂಟೆ ಅಲೆದು ಮರುದಿನ ಮನಾಲಿಗೆ ಹೊರಡುವುದು ರೂಢಿಯಾಗಿಬಿಟ್ಟಿದೆ. ಈ ರೂಢಿಯನ್ನು ಬದಿಗಿಟ್ಟು, ನಗರದೊಳಗೇ ಉಳಿದು, ಅಲ್ಲಿಯ ಜನ ಓಡಾಡುವ ದಾರಿಯಲ್ಲಿ ಓಡಾಡಿ, ಅವರು ಉಣ್ಣುವುದನ್ನು ಉಂಡು ಬರಬೇಕೆನ್ನುವವರಿಗಾಗಿ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಇದಕ್ಕೆ ಹೆಚ್ಚು ಹಣ ಬೇಕಿಲ್ಲ. ಗಟ್ಟಿ ಮೊಣಕಾಲು, ಒಳ್ಳೆಯ ಹಿಡಿತವಿರುವ ಶೂ ಮತ್ತು ದಿನಕ್ಕೆ ಒಂದೇ ದಿಕ್ಕು ಸಾಕೆನ್ನುವ ತಾಳ್ಮೆ ಇದ್ದರೆ ಆಯಿತು.

ಮೊದಲು ಊರಿನ ಅಂತಸ್ತುಗಳನ್ನು ತಿಳಿಯಿರಿ

ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿರುವ ಈ ನಗರವನ್ನು ನಕ್ಷೆಯಲ್ಲಿ ನೋಡಿದರೆ ಅರ್ಥವಾಗುವುದಿಲ್ಲ. ನಕ್ಷೆಯಲ್ಲಿ ಇನ್ನೂರು ಮೀಟರ್ ಎಂದು ಕಾಣುವ ಅಂಗಡಿ ನಿಜದಲ್ಲಿ ನಿಮ್ಮ ತಲೆಯ ಮೇಲೆ ಇನ್ನೂರು ಮೆಟ್ಟಿಲುಗಳ ಎತ್ತರದಲ್ಲಿರಬಹುದು. ಆದ್ದರಿಂದ ಊರವರು ದೂರವನ್ನು ಕೇಳುವುದಕ್ಕಿಂತ ಹೆಚ್ಚಾಗಿ ‘ಮೇಲೋ ಕೆಳಗೋ’ ಎಂದು ಕೇಳುತ್ತಾರೆ. ನೀವೂ ಮೊದಲು ಇದನ್ನು ರೂಢಿಸಿಕೊಳ್ಳಬೇಕು.

ಎಲ್ಲಕ್ಕಿಂತ ಕೆಳಗೆ ವಾಹನಗಳು ಓಡಾಡುವ ಕಾರ್ಟ್ ರೋಡ್ ಇದೆ. ಹಳೆಯ ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣಗಳು ಇದೇ ಮಟ್ಟದಲ್ಲಿ ಸಿಗುತ್ತವೆ. ಅದರ ಮೇಲೆ ಸಬ್ಜಿ ಮಂಡಿ, ಗಂಜ್ ಬಜಾರ್ ಮತ್ತು ಲೋವರ್ ಬಜಾರ್, ಅವುಗಳ ಮೇಲೆ ಇಕ್ಕಟ್ಟಾದ ಮಿಡಲ್ ಬಜಾರ್, ಇನ್ನೂ ಮೇಲೆ ವಾಹನಗಳಿಗೆ ಪ್ರವೇಶವಿಲ್ಲದ ಮಾಲ್, ಅದರ ನೆತ್ತಿಯಲ್ಲಿ ರಿಡ್ಜ್ ಎಂಬ ಬಯಲು. ಇಷ್ಟಕ್ಕೂ ಮೇಲೆ 2,455 ಮೀಟರ್ ಎತ್ತರದ ಜಾಖೂ ಬೆಟ್ಟ. ಈ ಮಟ್ಟಗಳನ್ನು ನಡುನಡುವೆ ಜೋಡಿಸುವುದು ಅಂಗಡಿಗಳ ಸಂದಿಯಲ್ಲಿ ಅಡಗಿರುವ ಮೆಟ್ಟಿಲುಗಳು. ಏರಲಾಗದವರಿಗೆ ಕಾರ್ಟ್ ರೋಡಿನಿಂದ ಮಾಲ್‌ಗೆ ಪ್ರವಾಸೋದ್ಯಮ ನಿಗಮದ ಲಿಫ್ಟ್ ಇದೆ. ಟಿಕೆಟ್ ಪಡೆದು ಎರಡು ಹಂತಗಳಲ್ಲಿ ಏರಬೇಕು. ಹಿರಿಯರು ಜೊತೆಗಿದ್ದರೆ, ವಾಹನ ನಿರ್ಬಂಧವಿರುವ ಕೆಲವು ಒಳರಸ್ತೆಗಳಲ್ಲಿ ಓಡುವ ರಾಜ್ಯ ಸಾರಿಗೆ ನಿಗಮದ ಸಣ್ಣ ಟ್ಯಾಕ್ಸಿಗಳನ್ನು ವಿಚಾರಿಸಬಹುದು.

ನಗರದ ಬಗ್ಗೆ ಇನ್ನೊಂದು ಸಂಗತಿಯನ್ನು ಆರಂಭದಲ್ಲೇ ತಿಳಿದರೆ ಮುಂದಿನ ನಿರ್ಧಾರಗಳು ಸುಲಭವಾಗುತ್ತವೆ. ರಿಡ್ಜ್ ಒಂದು ಜಲವಿಭಾಜಕ: ಅದರ ಒಂದು ಪಕ್ಕದ ಮಳೆನೀರು ಸತ್ಲೆಜ್ ಕಡೆಗೆ ಹರಿದು ಅರಬ್ಬೀ ಸಮುದ್ರವನ್ನೂ, ಇನ್ನೊಂದು ಪಕ್ಕದ್ದು ಯಮುನೆಯ ಕಡೆಗೆ ಹರಿದು ಬಂಗಾಳ ಕೊಲ್ಲಿಯನ್ನೂ ಸೇರುತ್ತದೆ. ನೀರಿನಂತೆ ಬಿಸಿಲೂ ಹಂಚಿಹೋಗಿದೆ. ಮಾಲ್ ಮತ್ತು ಲೋವರ್ ಬಜಾರ್ ಇರುವ ದಕ್ಷಿಣದ ಇಳಿಜಾರಿಗೆ ದಿನವಿಡೀ ಬಿಸಿಲು ಬೀಳುತ್ತದೆ. ಲಕ್ಕಡ್ ಬಜಾರ್, ಕೈಥೂ, ಅನ್ನಂಡೇಲ್ ಇರುವ ಉತ್ತರದ ಇಳಿಜಾರು ಚಳಿಗಾಲದಲ್ಲಿ ಬಹುಪಾಲು ನೆರಳಿನಲ್ಲಿರುತ್ತದೆ. 1920ರಿಂದ ನಡೆದುಬಂದಿರುವ ಬಯಲು ಸ್ಕೇಟಿಂಗ್ ರಿಂಕ್‌ನಲ್ಲಿ ಯಂತ್ರದ ನೆರವಿಲ್ಲದೆ, ರಾತ್ರಿ ನೀರು ಹರವಿ ಮಂಜುಗಡ್ಡೆ ಕಟ್ಟಿಸಲು ಸಾಧ್ಯವಾಗಿದ್ದು ಅದು ಈ ನೆರಳಿನ ಪಕ್ಕದಲ್ಲಿ ಇರುವುದರಿಂದಲೇ.

ಯಾವ ತಿಂಗಳಲ್ಲಿ ಹೋಗಬೇಕು

ಅಕ್ಟೋಬರ್ ಮತ್ತು ನವೆಂಬರ್ ಎಲ್ಲಕ್ಕಿಂತ ಒಳ್ಳೆಯವು. ಮಳೆ ತೊಳೆದ ಆಕಾಶದಲ್ಲಿ ಉತ್ತರದ ಹಿಮಶಿಖರಗಳು ಸ್ಪಷ್ಟವಾಗಿ ಕಾಣುತ್ತವೆ, ಜನಸಂದಣಿಯೂ ಇಳಿದಿರುತ್ತದೆ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಕಾಡಿನಲ್ಲಿ ಬುರಾಂಶ್ ಹೂವು ಕೆಂಪಗೆ ಅರಳುತ್ತದೆ. ಊರವರು ಅದರ ಚಟ್ನಿ, ಶರಬತ್ತು ಮಾಡುತ್ತಾರೆ. ಮೇ ತಿಂಗಳು ನಮ್ಮ ಶಾಲಾ ರಜೆಗೆ ಹೊಂದುತ್ತದೆಯಾದರೂ ಮೇ, ಜೂನ್‌ನಲ್ಲಿ ದೆಹಲಿ, ಪಂಜಾಬ್, ಹರಿಯಾಣಗಳ ಜನರೆಲ್ಲ ಬೆಟ್ಟ ಏರುವುದರಿಂದ ಕೋಣೆಯ ಬಾಡಿಗೆಯೂ ರಸ್ತೆಯ ದಟ್ಟಣೆಯೂ ಮಿತಿಮೀರುತ್ತವೆ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹಿಮ ಬೀಳಬಹುದು; ಬಿದ್ದೇ ಬೀಳುತ್ತದೆಂದು ನಂಬಿ ಹೋಗಬಾರದು.

ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗಿನ ಮಳೆಗಾಲದಲ್ಲಿ ಹೋಗಬೇಡಿ ಎಂದೇ ನಾನು ಹೇಳುತ್ತೇನೆ. ದೇವದಾರು ಕಾಡಿನೊಳಗೆ ಮೋಡ ನುಗ್ಗುವುದನ್ನು ನೋಡಲು ಆಸೆಯಾಗುವುದು ಸಹಜ, ಆದರೆ ಗುಡ್ಡ ಕುಸಿತದ ಅಪಾಯ ಊಹೆಯ ಮಾತಲ್ಲ. 2023ರ ಆಗಸ್ಟ್ 14ರಂದು ಸಮ್ಮರ್ ಹಿಲ್‌ನ ಶಿವ ದೇವಾಲಯದ ಮೇಲೆ ಗುಡ್ಡ ಜರಿದು ಪೂಜೆಗೆ ಬಂದಿದ್ದ ಅನೇಕರು ಸತ್ತರು. ಅದೇ ಕುಸಿತ ಕೆಳಗಿನ ರೈಲು ಹಳಿಯನ್ನೂ ಗಾಳಿಯಲ್ಲಿ ತೂಗಾಡುವಂತೆ ಮಾಡಿತು.

ತಲುಪುವ ಬಗೆ

ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನವಿದೆ. ಯಶವಂತಪುರದಿಂದ ಹೊರಡುವ ಸಂಪರ್ಕ ಕ್ರಾಂತಿ ರೈಲು ವಾರದ ಕೆಲವು ದಿನ ಅಲ್ಲಿಯವರೆಗೆ ಹೋಗುತ್ತದೆ. ಚಂಡೀಗಢದ 43ನೇ ಸೆಕ್ಟರ್ ಬಸ್ ನಿಲ್ದಾಣದಿಂದ ಶಿಮ್ಲಾಕ್ಕೆ ದಿನವಿಡೀ ಹಿಮಾಚಲ ಸಾರಿಗೆಯ ಬಸ್‌ಗಳಿವೆ. ಸುಮಾರು 115 ಕಿಲೋಮೀಟರ್ ದಾರಿಗೆ ನಾಲ್ಕು ಗಂಟೆ ಹಿಡಿಯುತ್ತದೆ. ಊರವರು ಬಹುಪಾಲು ಬಸ್ಸನ್ನೇ ಹಿಡಿಯುತ್ತಾರೆ.

ಆದರೂ ಹೋಗುವಾಗ ಒಮ್ಮೆ ಚಂಡೀಗಢದ ಬಳಿಯ ಕಾಲ್ಕಾದಿಂದ ಸಣ್ಣ ರೈಲಿನಲ್ಲಿ ಏರುವುದನ್ನು ನಾನು ಸಲಹೆ ಮಾಡುತ್ತೇನೆ, ಏಕೆಂದರೆ ಬಸ್ಸಿನಲ್ಲಿ ಕಾಣದ ಎತ್ತರದ ಲೆಕ್ಕ ರೈಲಿನಲ್ಲಿ ಕಾಣುತ್ತದೆ. 1903ರಲ್ಲಿ ಆರಂಭವಾದ ಈ 96 ಕಿಲೋಮೀಟರ್ ಮಾರ್ಗವು 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಳಿಗಳ ನಡುವಣ ಅಂತರ ಕೇವಲ 762 ಮಿಲಿಮೀಟರ್. ಪ್ರಯಾಣಕ್ಕೆ ಐದು ಗಂಟೆಗೂ ಮಿಕ್ಕಿ ಬೇಕು. ಬಡೋಗ್‌ನಲ್ಲಿ ಒಂದು ಕಿಲೋಮೀಟರಿಗೂ ಉದ್ದದ ಸುರಂಗ ದಾಟಿದ ಮೇಲೆ ರೈಲು ಕೆಲವು ನಿಮಿಷ ನಿಲ್ಲುತ್ತದೆ, ಎಲ್ಲರೂ ಇಳಿದು ಚಹಾ, ಕಟ್ಲೆಟ್ ಕೊಳ್ಳುತ್ತಾರೆ. ಕೊನೆಯ ಸುರಂಗದ ಸಂಖ್ಯೆ 103. ಬಳಕೆಯಲ್ಲಿರುವ ಸುರಂಗಗಳು ಮಾತ್ರ 102. ಆ ಕೊನೆಯ ಸುರಂಗದ ಆಸುಪಾಸಿನ ಜಾಗವನ್ನು ಊರವರು ಈ ಸಂಖ್ಯೆಯಿಂದಲೇ ಕರೆಯುತ್ತಾರೆ, ಆದ್ದರಿಂದ ಬಸ್ ಕಂಡಕ್ಟರ್ ಸಂಖ್ಯೆಯೊಂದನ್ನು ಕೂಗಿದರೆ ಅದು ಟಿಕೆಟ್ ದರವೆಂದು ತಿಳಿಯಬೇಡಿ.

ಸ್ವಂತ ಕಾರಿನಲ್ಲಿ ಹೋಗುವುದು ಈ ಊರಿನಲ್ಲಿ ತಲೆನೋವು. ಒಳರಸ್ತೆಗಳಲ್ಲಿ ಅನೇಕವು ಪರವಾನಗಿ ಇರುವ ವಾಹನಗಳಿಗೆ ಮಾತ್ರ ಮೀಸಲು, ನಿಲುಗಡೆಯ ಜಾಗ ದುಬಾರಿ, ಅದೂ ನಿಮ್ಮ ಕೋಣೆಯಿಂದ ದೂರ.

ಕೋಣೆ ಹಿಡಿಯುವ ಮುನ್ನ ಕೇಳಬೇಕಾದವು

ಮಾಲ್‌ನ ಮೇಲಿನ ಹೋಟೆಲಿಗಿಂತ ಜನವಸತಿಯ ಬಡಾವಣೆಯಲ್ಲಿ ಕೋಣೆ ಹಿಡಿಯುವುದು ಮೇಲು. ಛೋಟಾ ಶಿಮ್ಲಾ, ಸಂಜೌಲಿ, ಬಾಲೂಗಂಜ್, ಸಮ್ಮರ್ ಹಿಲ್ ಇವುಗಳಲ್ಲಿ ಒಂದನ್ನು ಆರಿಸಬಹುದು. ಸಂಜೌಲಿ ವಿದ್ಯಾರ್ಥಿಗಳಿಂದ, ಬಾಡಿಗೆದಾರರಿಂದ ಕಿಕ್ಕಿರಿದ ಊರು. ತಿಂಡಿ ಅಗ್ಗ, ಬಸ್ ಸಲೀಸು, ನೋಟ ಮಾತ್ರ ಕಾಂಕ್ರೀಟಿನದು. ಸಮ್ಮರ್ ಹಿಲ್‌ನಲ್ಲಿ ವಿಶ್ವವಿದ್ಯಾಲಯವಿದೆ, ಕಾಡಿದೆ, ಸಣ್ಣ ರೈಲು ನಿಲ್ದಾಣವಿದೆ; ರಾತ್ರಿ ಎಂಟರ ಮೇಲೆ ಊಟಕ್ಕೆ ಹುಡುಕಾಡಬೇಕಾಗುತ್ತದೆ. ಮೊದಲ ಬಾರಿ ಹೋಗುವವರಿಗೆ ಛೋಟಾ ಶಿಮ್ಲಾ ಸರಿಯೆಂದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿಂದ ಮಾಲ್‌ಗೆ ದೊಡ್ಡ ಏರಿಲ್ಲದೆ ನಡೆದುಹೋಗಬಹುದು.

ಫೋನಿನಲ್ಲಿ ಮಾಲೀಕರನ್ನು ನಾಲ್ಕು ವಿಷಯ ಕೇಳಿ. ರಸ್ತೆಯಿಂದ ಮನೆಗೆ ಎಷ್ಟು ಮೆಟ್ಟಿಲು, ಅವು ಹತ್ತುವವೋ ಇಳಿಯುವವೋ? ಇಲ್ಲಿನ ಮನೆಗಳು ಇಳಿಜಾರಿಗೆ ಆತುಕೊಂಡಿರುವುದರಿಂದ ರಸ್ತೆಯಿಂದ ನೇರ ಐದನೇ ಮಹಡಿಗೆ ಹೊಕ್ಕು ಅಲ್ಲಿಂದ ಎರಡನೇ ಮಹಡಿಗೆ ಇಳಿಯುವುದು ಸಾಮಾನ್ಯ. ‘ರಸ್ತೆ ಪಕ್ಕದಲ್ಲೇ ಇದೆ’ ಎಂಬ ಮಾತಿಗೆ ಆದ್ದರಿಂದ ಅರ್ಥವೇ ಇಲ್ಲ. ಎರಡನೆಯದು, ಕೋಣೆಗೆ ಬಿಸಿಲು ಯಾವ ಹೊತ್ತಿನಲ್ಲಿ ಬರುತ್ತದೆ? ನವೆಂಬರ್ ನಂತರ ಉತ್ತರಕ್ಕೆ ಮುಖ ಮಾಡಿದ ಕೋಣೆಯಲ್ಲಿ ಎಷ್ಟು ರಜಾಯಿ ಹೊದ್ದರೂ ಕಾಲು ಬೆಚ್ಚಗಾಗದು. ಮೂರನೆಯದು, ನೀರು ಯಾವಾಗ ಬಿಡುತ್ತಾರೆ, ಮನೆಗೆ ಟ್ಯಾಂಕ್ ಇದೆಯೇ? ನಾಲ್ಕನೆಯದು, ಹೀಟರಿಗೆ ಪ್ರತ್ಯೇಕ ಹಣ ಕೊಡಬೇಕೇ? ಈ ಕೊನೆಯ ಪ್ರಶ್ನೆ ಕೇಳದೆ ಹೋದವರು ಹೊರಡುವ ದಿನ ಬಿಲ್ ನೋಡಿ ಜಗಳವಾಡುವುದು ಅಪರೂಪವಲ್ಲ.

ಮೊದಲ ದಿನ: ಸಾಮಾನು ಏರಿಸಿ, ಸುಮ್ಮನಿರಿ

ದೂರದ ಬಸ್‌ಗಳು ಟೂಟಿಕಂಡಿಯ ಹೊಸ ನಿಲ್ದಾಣದಲ್ಲಿ ನಿಲ್ಲುತ್ತವೆ. ಅಲ್ಲಿಂದ ಹಳೆಯ ನಿಲ್ದಾಣಕ್ಕೆ ಊರೊಳಗಿನ ಬಸ್ ಸಿಗುತ್ತದೆ. ಸೂಟ್‌ಕೇಸ್ ಭಾರವಿದ್ದರೆ ಹಮಾಲಿಯೊಬ್ಬರನ್ನು ಕರೆಯಿರಿ. ಇವರಲ್ಲಿ ಅನೇಕರು ಕಾಶ್ಮೀರದಿಂದ ದುಡಿಯಲು ಬಂದವರು. ಊರವರು ಅವರನ್ನು ‘ಖಾನ್’ ಎನ್ನುತ್ತಾರೆ, ನೀವು ‘ಭಾಯ್ ಜೀ’ ಎಂದರೆ ಸಾಕು. ಕೂಲಿಯನ್ನು ಮೊದಲೇ ಮಾತಾಡಿಕೊಳ್ಳಬೇಕು, ಏರುದಾರಿಯ ಅರ್ಧದಲ್ಲಿ ನಿಲ್ಲಿಸಿ ಚೌಕಾಸಿ ಮಾಡಬಾರದು. ಲೋವರ್ ಬಜಾರಿನ ಮೆಟ್ಟಿಲುಗಳಲ್ಲಿ ಒಬ್ಬ ಮನುಷ್ಯ ಕಬ್ಬಿಣದ ಬೀರುವನ್ನು ಹಗ್ಗದಿಂದ ಬೆನ್ನಿಗೆ ಬಿಗಿದು, ಕಣ್ಣನ್ನು ಮುಂದಿನ ಎರಡು ಮೆಟ್ಟಿಲ ಮೇಲಷ್ಟೇ ಇಟ್ಟು, ಗೋಡೆಯ ಕಡೆಗೆ ಒಂದು ಕೈ ಚಾಚಿ ಏರಿ ಬರುವುದನ್ನು ನೋಡುತ್ತೀರಿ. ಆ ಹೊತ್ತಿನಲ್ಲಿ ಗೋಡೆಯ ಬದಿಯನ್ನು ಅವರಿಗೆ ಬಿಟ್ಟು ನೀವು ಹೊರಬದಿಗೆ ಸರಿಯುವುದು ಇಲ್ಲಿನ ನಡವಳಿಕೆ. ಅವರು ಒರಗಿ ಉಸಿರು ತೆಗೆದುಕೊಳ್ಳುವುದು ಗೋಡೆಗೇ.

ಈ ಎತ್ತರದಲ್ಲಿ ಕಾಯಿಲೆ ಬೀಳುವುದು ಅಪರೂಪ, ಆದರೆ ಬಯಲುಸೀಮೆಯಿಂದ ಬಂದವರಿಗೆ ಮೊದಲ ದಿನ ಮೆಟ್ಟಿಲೇರುವಾಗ ಏದುಸಿರು ಖಂಡಿತ. ಬಿಸಿನೀರು ಕುಡಿದು, ಸಂಜೆ ರಿಡ್ಜ್‌ಗೆ ನಿಧಾನವಾಗಿ ಹೋಗಿ. 1857ರಲ್ಲಿ ಪ್ರತಿಷ್ಠಾಪನೆಗೊಂಡ ಕ್ರೈಸ್ಟ್ ಚರ್ಚ್ ಮುಂದಿನ ಬೆಂಚುಗಳ ಮೇಲೆ ನಿವೃತ್ತ ನೌಕರರು ಕುಳಿತಿರುತ್ತಾರೆ, ಕುಟುಂಬಗಳು ರಿಡ್ಜ್ ಮಾಲ್‌ಗೆ ಸೇರುವ ಸ್ಕ್ಯಾಂಡಲ್ ಪಾಯಿಂಟ್‌ವರೆಗೆ ಹೋಗಿ ಮರಳುತ್ತವೆ, ಗೆಳೆಯರು ಎದುರಾಗುತ್ತಾರೆ, ಮತ್ತೆ ಒಂದು ಸುತ್ತು ಹಾಕುತ್ತಾರೆ. ಏನನ್ನೂ ಕೊಳ್ಳದೆ ಹೀಗೆ ಅತ್ತಿಂದಿತ್ತ ನಡೆಯುವುದೇ ಊರವರ ಸಂಜೆ. ನಿಮ್ಮ ಕಾಲ ಕೆಳಗೆ ಬ್ರಿಟಿಷರ ಕಾಲದ ದೊಡ್ಡ ನೀರಿನ ತೊಟ್ಟಿಯಿದೆ ಎಂಬುದು ಗೊತ್ತಿದ್ದರೆ ಆ ಬಯಲು ಇಷ್ಟು ಸಮತಟ್ಟಾಗಿ ಕಾಣುವುದೇಕೆಂದು ತಿಳಿಯುತ್ತದೆ.

ಎರಡನೆಯ ದಿನ: ಜಾಖೂ ಸುತ್ತು

ಪ್ರವಾಸಿಗರು ಜಾಖೂ ಬೆಟ್ಟವನ್ನು ಹತ್ತುತ್ತಾರೆ, ಊರವರು ಅದನ್ನು ಸುತ್ತುತ್ತಾರೆ. ಬೆಳಗ್ಗೆ ಏಳರ ಹೊತ್ತಿಗೆ ರಿಡ್ಜ್‌ನಿಂದ ಲಕ್ಕಡ್ ಬಜಾರಿಗೆ ಇಳಿದು, ಇಂದಿರಾ ಗಾಂಧಿ ವೈದ್ಯಕೀಯ ಕಾಲೇಜು ಆಸ್ಪತ್ರೆಯನ್ನು ದಾಟಿ ಸಂಜೌಲಿಗೆ ಹೋಗಿ; ಅಲ್ಲಿ ಒಂದು ಢಾಬಾದಲ್ಲಿ ಪರೋಟ, ಮೊಸರು ತಿಂದು, ನವಬಹಾರ್ ಮಾರ್ಗವಾಗಿ ದೇವದಾರುಗಳ ನಡುವೆ ಛೋಟಾ ಶಿಮ್ಲಾ ತಲುಪಿ, ಮಾಲ್ ಮೂಲಕ ಹೊರಟ ಜಾಗಕ್ಕೇ ಮರಳಬೇಕು. ನಿಧಾನ ನಡಿಗೆಗೆ ಎರಡೂವರೆ ಮೂರು ಗಂಟೆ ಸಾಕು. ಇಡೀ ದಾರಿ ಬೆಟ್ಟದ ಸೊಂಟದ ಮಟ್ಟದಲ್ಲೇ ಸಾಗುವುದರಿಂದ ಏರಿಳಿತ ಕಡಿಮೆ. ಛೋಟಾ ಶಿಮ್ಲಾ ಬಳಿ ರಾಜ್ಯಪಾಲರ ನಿವಾಸವಾದ ಬಾರ್ನ್ಸ್ ಕೋರ್ಟ್ ಇದೆ. 1972ರ ಜುಲೈನಲ್ಲಿ ಇಂದಿರಾ ಗಾಂಧಿ ಮತ್ತು ಪಾಕಿಸ್ತಾನದ ಅಧ್ಯಕ್ಷ ಭುಟ್ಟೋ ಶಿಮ್ಲಾ ಒಪ್ಪಂದಕ್ಕೆ ಸಹಿ ಹಾಕಿದ್ದು ಅಲ್ಲಿ.

ಬೆಟ್ಟದ ತುದಿಯ ಹನುಮಾನ್ ದೇವಾಲಯಕ್ಕೂ ಹೋಗಲೇಬೇಕೆಂದರೆ ಕನ್ನಡಕ ತೆಗೆದು ಚೀಲದೊಳಗೆ ಇಡಿ. ಅಲ್ಲಿಯ ಕೋತಿಗಳು ಕನ್ನಡಕವನ್ನು ಕಿತ್ತು, ತಿನ್ನಲು ಏನಾದರೂ ಎಸೆದ ಮೇಲೆ ಮಾತ್ರ ಬಿಡುವಷ್ಟು ವ್ಯವಹಾರ ಕಲಿತಿವೆ. ಕೋತಿಯನ್ನು ದಿಟ್ಟಿಸಿ ನೋಡಬಾರದು, ಹಲ್ಲು ಕಾಣುವಂತೆ ನಗಬಾರದು, ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿದಿರಬಾರದು. ಬೆಳಗಿನ ವಾಯುವಿಹಾರಕ್ಕೆ ಹೋಗುವ ಊರಿನ ಹಿರಿಯರು ಕೈಯಲ್ಲಿ ಕೋಲು ಹಿಡಿದಿರುವುದಕ್ಕೆ ಮೊಣಕಾಲಿನಷ್ಟೇ ಕೋತಿಗಳೂ ಕಾರಣ.

ಮೂರನೆಯ ದಿನ: ಬಜಾರು ಮತ್ತು ಹೊಟ್ಟೆ

ಈ ದಿನ ಭಾನುವಾರ ಆಗದಂತೆ ನೋಡಿಕೊಳ್ಳಿ. ಲೋವರ್ ಬಜಾರಿನ ಹಲವು ಅಂಗಡಿಗಳು ಅಂದು ಮುಚ್ಚಿರುತ್ತವೆ. ಬಟ್ಟೆಯ ಚೀಲ ಒಯ್ಯಿರಿ, ಪ್ಲಾಸ್ಟಿಕ್ ಕೈಚೀಲಕ್ಕೆ ಈ ರಾಜ್ಯದಲ್ಲಿ ಬಹಳ ಹಿಂದಿನಿಂದಲೂ ನಿಷೇಧವಿದೆ. ಬೆಳಗಿನ ತಿಂಡಿಗೆ ಲಕ್ಕಡ್ ಬಜಾರಿನಲ್ಲಿ ನಿಂತೇ ಛೋಲೆ ಭಟೂರೆ ತಿನ್ನುವ ಪರಿಪಾಠವಿದೆ. ಬಳಿಕ ಮಾಲ್‌ನಿಂದ ಮೆಟ್ಟಿಲಿಳಿದು ಸಬ್ಜಿ ಮಂಡಿಗೆ ಹೋಗಿ, ಋತುವಿನ ಹಣ್ಣು ಯಾವುದೆಂದು ನೋಡಿ. ಮೇ–ಜೂನ್‌ನಲ್ಲಿ ಕಾಡಿನ ಕಾಫಲ್ ಹಣ್ಣು ಬರುತ್ತದೆ, ಉಪ್ಪು ಬೆರೆಸಿ ತಿನ್ನಬೇಕು. ಅದೇ ಹೊತ್ತಿಗೆ ಚೆರ್ರಿ. ಜುಲೈ ಕೊನೆಯಿಂದ ಸೇಬು. ಈ ಸೇಬಿನ ವ್ಯವಹಾರವೆಲ್ಲ 1916ರ ಸುಮಾರಿಗೆ ಕೋಟ್‌ಗಢದಲ್ಲಿ ಅಮೆರಿಕದ ಸಸಿಗಳನ್ನು ನೆಟ್ಟ ಸ್ಯಾಮ್ಯುಯೆಲ್ ಸ್ಟೋಕ್ಸ್ ಅವರಿಂದ ಬೆಳೆದದ್ದು; ಇಂದು ಬೆಂಗಳೂರಿನ ಹಣ್ಣಿನಂಗಡಿಯಲ್ಲಿ ‘ಶಿಮ್ಲಾ ಸೇಬು’ ಎಂದು ಮಾರುವುದರಲ್ಲಿ ಬಹುಪಾಲು ಶಿಮ್ಲಾ ನಗರದ್ದಲ್ಲ, ಅದರಾಚೆಯ ಕೋಟ್‌ಗಢ, ಜುಬ್ಬಲ್, ರೋಹಡೂ ಕಣಿವೆಗಳದ್ದು.

ಮಧ್ಯಾಹ್ನ ಸಿಡ್ಡು ಹುಡುಕಿ. ಗೋಧಿಹಿಟ್ಟನ್ನು ಹುದುಗಿಸಿ, ನಾದಿ, ಒಳಗೆ ಅಕ್ರೋಟು, ಗಸಗಸೆ ಅಥವಾ ಉದ್ದಿನ ಹೂರಣ ತುಂಬಿ, ಮಡಿಸಿ ಹಬೆಯಲ್ಲಿ ಬೇಯಿಸಿದ ಖಾದ್ಯ ಇದು. ನಮ್ಮ ಕರಾವಳಿಯ ಕಡುಬು ತಿಂದವರಿಗೆ ಕೈಗೆತ್ತಿಕೊಂಡ ಕೂಡಲೇ ಪರಿಚಯದ್ದೆನಿಸುತ್ತದೆ. ಬಿಸಿಯಿರುವಾಗಲೇ ಅಡ್ಡಲಾಗಿ ಕತ್ತರಿಸಿ, ಕತ್ತರಿಸಿದ ಬದಿಗೆ ತುಪ್ಪ ಇಂಗುವಷ್ಟು ಸುರಿದು, ಪುದೀನ ಚಟ್ನಿಯೊಡನೆ ಕೊಡುತ್ತಾರೆ. ಅಂಗಡಿಯವರು ‘ಇಪ್ಪತ್ತು ನಿಮಿಷ ಆಗುತ್ತದೆ’ ಎಂದರೆ ಅದು ಒಳ್ಳೆಯ ಸೂಚನೆ, ಕಾಯಿರಿ. ಕೂಡಲೇ ಕೊಟ್ಟರೆ ಬೆಳಗ್ಗೆಯೇ ಬೇಯಿಸಿಟ್ಟು ಮತ್ತೆ ಬಿಸಿ ಮಾಡಿದ್ದೆಂದು ತಿಳಿಯಬಹುದು, ಅಂಥದರ ಅಂಚು ರಬ್ಬರಿನಂತೆ ಎಳೆಯುತ್ತದೆ. ಮೊಸರಿನಲ್ಲಿ ಕಡಲೆ ಬೇಯಿಸಿದ ಮದ್ರಾ, ಹುಳಿಯಾದ ಖಟ್ಟಾ, ಸಿಹಿ ಅನ್ನ ಎಲ್ಲ ಸೇರಿದ ‘ಧಾಮ್’ ಎಂಬ ಊಟ ನಿಜವಾಗಿ ಮದುವೆ, ದೇವತಾಕಾರ್ಯಗಳದ್ದು: ಬೋಟಿ ಎಂಬ ಅಡುಗೆಯವರು ಹಿತ್ತಾಳೆಯ ಪಾತ್ರೆಗಳಲ್ಲಿ ಬೇಯಿಸಿ, ನೆಲದ ಮೇಲೆ ಪಂಕ್ತಿ ಹಾಕಿ ಎಲೆಯಲ್ಲಿ ಬಡಿಸುತ್ತಾರೆ. ಬಜಾರಿನ ಕೆಲವು ಊಟದ ಮನೆಗಳಲ್ಲಿ ಅದು ತಟ್ಟೆಯ ಮೇಲೆ ಸಿಗುತ್ತದೆ. ರುಚಿ ಪರವಾಗಿಲ್ಲ, ಆದರೆ ಪರಿಚಿತರ ಮನೆಯ ಮದುವೆಗೆ ಯಾರಾದರೂ ಕರೆದರೆ ಸಂಕೋಚಪಡದೆ ಹೋಗಿ.

ಸಂಜೆ ಮಾಲ್‌ನ ಇಂಡಿಯನ್ ಕಾಫಿ ಹೌಸ್. ವಕೀಲರು, ಪತ್ರಕರ್ತರು, ಪಕ್ಷಗಳ ಕಾರ್ಯಕರ್ತರು ಒಂದು ಕಪ್ ಕಾಫಿ ಮುಂದಿಟ್ಟುಕೊಂಡು ಗಂಟೆಗಟ್ಟಲೆ ವಾದಿಸುವ ಜಾಗವಿದು. ಇದು ನೌಕರರ ಸಹಕಾರ ಸಂಘಗಳು ನಡೆಸುವ ಪರಂಪರೆಗೆ ಸೇರಿದ್ದು. ಆ ಸಂಘಗಳಲ್ಲಿ ಮೊದಲನೆಯದು 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಕೂರಲು ಜಾಗವಿಲ್ಲದಿದ್ದರೆ ಅಪರಿಚಿತರ ಮೇಜಿನ ಬಳಿ ‘ಬೈಠ್ ಜಾಯೇ ಜೀ?’ ಎಂದು ಕೇಳಿ ಕೂರಬಹುದು. ಮಾತು ಅಲ್ಲಿಂದಲೇ ಶುರುವಾಗುತ್ತದೆ. ಎದುರಿಗೆ ಯಾರೇ ಇರಲಿ ಮಾತಿನ ಕೊನೆಗೆ ‘ಜೀ’ ಸೇರಿಸುವುದನ್ನು ಮರೆಯಬೇಡಿ. ನಾಟಕವಿದ್ದರೆ, 1887ರಲ್ಲಿ ತೆರೆದ ಗೇಯ್ಟಿ ರಂಗಮಂದಿರದ ಬಾಗಿಲ ಫಲಕವನ್ನು ಓದಿ ಟಿಕೆಟ್ ವಿಚಾರಿಸಿ.

ನಾಲ್ಕನೆಯ ದಿನ: ಪಶ್ಚಿಮದ ಕಡೆ

ಸೋಮವಾರ ಬಿಟ್ಟು ಬೇರೆ ದಿನ ಇದನ್ನು ಇಟ್ಟುಕೊಳ್ಳಿ. ಚೌಡಾ ಮೈದಾನದ ಬಳಿಯ ರಾಜ್ಯ ವಸ್ತುಸಂಗ್ರಹಾಲಯಕ್ಕೂ ಅದರಾಚೆ ಬ್ರಿಟಿಷ್ ವೈಸ್‌ರಾಯರ ಬೇಸಿಗೆಯ ನಿವಾಸವಾಗಿದ್ದ ವೈಸ್‌ರೀಗಲ್ ಲಾಡ್ಜ್‌ಗೂ ಅಂದು ರಜೆ. ವಸ್ತುಸಂಗ್ರಹಾಲಯದಲ್ಲಿ ಪಹಾಡಿ ಚಿತ್ರಗಳ ಕೋಣೆಗೆ ಹೆಚ್ಚು ಸಮಯ ಕೊಡಿ. 1888ರಲ್ಲಿ ಸಿದ್ಧವಾದ ಲಾಡ್ಜ್‌ನಲ್ಲಿ, ಭಾರತದ ಸ್ವಯಮಾಡಳಿತದ ಬಗ್ಗೆ ವೈಸ್‌ರಾಯ್ ಕರೆದ 1945ರ ಶಿಮ್ಲಾ ಸಮ್ಮೇಳನ ನಡೆಯಿತು. 1965ರಿಂದ ಅದು ಭಾರತೀಯ ಉನ್ನತ ಅಧ್ಯಯನ ಸಂಸ್ಥೆ. ಒಳಗಿನ ಕೆಲವು ಕೋಣೆಗಳನ್ನು ಮಾರ್ಗದರ್ಶಕರ ಜೊತೆ ತಂಡವಾಗಿ ನೋಡಬೇಕು, ಆದ್ದರಿಂದ ಮೊದಲು ಟಿಕೆಟ್ ಪಡೆದು ಸರದಿ ಬರುವವರೆಗೆ ಹುಲ್ಲುಹಾಸಿನಲ್ಲಿ ಅಡ್ಡಾಡಿ.

ಅಲ್ಲಿಂದ ಬಾಲೂಗಂಜ್‌ಗೆ ಇಳಿದು ಊಟ ಮುಗಿಸಿ, ಪ್ರಾಸ್ಪೆಕ್ಟ್ ಬೆಟ್ಟದ ಕಾಮನಾ ದೇವಿ ಗುಡಿಗೆ ಏರಿ. ಚಿಕ್ಕ ಏರು, ಆದರೆ ಕಡಿದು. ಜಾಖೂ ಮೇಲಿನ ಗದ್ದಲ ಇಲ್ಲಿಲ್ಲ. ಮರಳಲು ಸಮ್ಮರ್ ಹಿಲ್‌ವರೆಗೆ ಕಾಡುದಾರಿಯಲ್ಲಿ ನಡೆದು, ಹೊತ್ತು ಹೊಂದಿದರೆ ಅಲ್ಲಿನ ನಿಲ್ದಾಣದಿಂದ ಒಂದೇ ನಿಲ್ದಾಣದ ದೂರಕ್ಕೆ ಸಣ್ಣ ರೈಲು ಹಿಡಿಯಿರಿ. ರೈಲುಗಳು ಬೆರಳೆಣಿಕೆಯಷ್ಟು, ತಡವೂ ಸಾಮಾನ್ಯ. ತಪ್ಪಿದರೆ ಬಸ್ ಇದ್ದೇ ಇದೆ.

ಐದನೆಯ ದಿನ: ಬಸ್ಸಿನಲ್ಲಿ ಊರ ಹೊರಗೆ

ಹೊರಗೆ ಹೋಗಲೇಬೇಕೆನಿಸಿದರೆ ಹತ್ತಿರದ ಬೆಟ್ಟದೂರು ಮಶೋಬ್ರಾಕ್ಕೆ ಹೋಗಿ. ಲಕ್ಕಡ್ ಬಜಾರಿನ ಕೆಳಗಿನ ರಿವೋಲಿ ನಿಲ್ದಾಣದಿಂದ ಆ ಕಡೆಯ ಬಸ್‌ಗಳು ಹೊರಡುತ್ತವೆ. ಶಾಲಾ ಮಕ್ಕಳು, ಹಾಲಿನ ಕ್ಯಾನು, ಗೊಬ್ಬರದ ಚೀಲ ಎಲ್ಲವೂ ಜೊತೆಗಿರುತ್ತವೆ. ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಮುಂದಿನ ಸಾಲಿನಲ್ಲಿ ಕೂರಬೇಕು. ಅಥವಾ ಬೇರೆ ದಿಕ್ಕಿನಲ್ಲಿ, ತಾರಾದೇವಿ ಬೆಟ್ಟದ ಗುಡಿಗೆ ಕಾಡಿನ ದಾರಿಯಲ್ಲಿ ಏರಬಹುದು. ಕುಫ್ರಿಯ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ನೀರಿನ ವಿಷಯ

ಇದನ್ನು ಬೇರೆಯಾಗಿಯೇ ಹೇಳಬೇಕು. 2018ರ ಮೇ–ಜೂನ್‌ನಲ್ಲಿ ಶಿಮ್ಲಾದ ಬಡಾವಣೆಗಳಿಗೆ ದಿನಗಟ್ಟಲೆ ನೀರು ಬರಲಿಲ್ಲ. ಜನ ಬಕೆಟ್ ಹಿಡಿದು ಟ್ಯಾಂಕರಿನ ಮುಂದೆ ರಾತ್ರಿ ಕಳೆದರು, ಪ್ರವಾಸಿಗರು ದಯವಿಟ್ಟು ಬರಬೇಡಿ ಎಂದು ಊರವರೇ ಮನವಿ ಮಾಡಿದರು. ಬೆಟ್ಟದ ನೆತ್ತಿಯ ನಗರಕ್ಕೆ ಗುಮ್ಮಾ, ಗಿರಿಯಂಥ ಆಳದ ಕಣಿವೆಗಳಿಂದ ನೀರನ್ನು ಪಂಪ್ ಮಾಡಿ ಏರಿಸಬೇಕಾದ್ದರಿಂದ ಪ್ರತಿ ಬಕೆಟ್ಟಿಗೂ ವಿದ್ಯುತ್ತಿನ ವೆಚ್ಚವಿದೆ. ಅಲ್ಲಿನ ಮನೆಗಳಲ್ಲಿ ಬಕೆಟ್ ಸ್ನಾನವೇ ರೂಢಿ, ಬಟ್ಟೆ ಒಗೆಯುವುದು ನೀರು ಬಂದ ದಿನ. ನೀವೂ ಅದನ್ನೇ ಪಾಲಿಸಿ, ಐದು ದಿನದ ಒಗೆತವನ್ನು ಊರಿಗೆ ಒಯ್ಯಿರಿ. ಕುಡಿಯಲು ಕುದಿಸಿದ ನೀರನ್ನು ಮನೆಯವರಿಂದ ಕೇಳಿ ಪಡೆದು ಬಾಟಲಿಗೆ ತುಂಬಿಸಿಕೊಳ್ಳಿ.

ಹೊರಡುವ ದಿನ

ಮೆಟ್ಟಿಲೇರಿ ತಂದ ಸಾಮಾನನ್ನು ಇಳಿಸುವುದು ಸುಲಭವೆಂದು ಅನೇಕರು ಭಾವಿಸುತ್ತಾರೆ. ಬೆಳಗಿನ ಇಬ್ಬನಿಯಲ್ಲಿ ಒದ್ದೆಯಾದ ಕಲ್ಲಿನ ಮೇಲೆ ಸೂಟ್‌ಕೇಸ್ ಹಿಡಿದು ಇಳಿಯುವುದೇ ಹೆಚ್ಚು ಅಪಾಯ. ಹಿಂದಿನ ಸಂಜೆಯೇ ಹಮಾಲಿಗೆ ಹೊತ್ತು ಹೇಳಿಟ್ಟಿರಿ. ಸೇಬನ್ನು ಪೆಟ್ಟಿಗೆಯಾಗಿ ಕೊಳ್ಳುವುದಾದರೆ ವಿಮಾನದ ತೂಕದ ಮಿತಿ ನೋಡಿ, ಗಟ್ಟಿಯಾದ, ಪೂರ್ತಿ ಹಣ್ಣಾಗದ ಕಾಯಿಗಳನ್ನೇ ಆರಿಸಿ ಕಾಗದ ಸುತ್ತಿಸಬೇಕು. ಟೂಟಿಕಂಡಿ ನಿಲ್ದಾಣಕ್ಕೆ ಊರೊಳಗಿನ ಬಸ್ ಬೆಳಗ್ಗೆ ಬೇಗ ತುಂಬುತ್ತದೆ, ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಚಂಡೀಗಢದಿಂದ ಸಂಜೆಯ ವಿಮಾನವಿದ್ದರೂ ಬೆಳಗಿನ ಬಸ್ಸನ್ನೇ ಹಿಡಿಯಬೇಕು; ದಾರಿಯಲ್ಲಿ ಸಿಗುವ ಪರ್ವಾನೂ ಕಡೆ ರಸ್ತೆ ಕಟ್ಟಿಕೊಂಡ ಸುದ್ದಿಯೇನಾದರೂ ಬಂದರೆ ಹಿಂದಿನ ದಿನವೇ ಇಳಿದು ಚಂಡೀಗಢದಲ್ಲಿ ರಾತ್ರಿ ಕಳೆಯುವುದು ಲೇಸು.